ಮರಳಿನಲ್ಲಿ ಹೂಡಿದ ಸಂಸಾರ

ಕಳೆದ ತಿಂಗಳು ಒಮಾನಿನ ವಹೀಬಾ ಮರಳುಗಾಡಿಗೆ ನಮ್ಮ ಸಂಘದ ಪ್ರವಾಸ ಹೋದಾಗ, ಹತ್ತು ನಿಮಿಷದ ಒಂಟೆ ಸವಾರಿ ಮುಗಿಸಿ ಇಳಿದ ಗಂಡ ಹೆಂಡತಿ ಅರ್ಧ ಗಂಟೆ ಮಾತು ಬಿಟ್ಟಿದ್ದರು. ಒಂಟೆ ಏಳುವಾಗ ಯಾರು ಯಾರನ್ನು ಹಿಡಿದುಕೊಳ್ಳಬೇಕಿತ್ತು ಎಂಬುದೇ ತಕರಾರು. ಹೆಸರು ಹೇಳುವುದಿಲ್ಲ; ಅವರಲ್ಲೊಬ್ಬರು ಈ ಸಂಪಾದಕೀಯ ಬರೆಯುತ್ತಿದ್ದಾರೆ.

ಆಗ ನೆನಪಾದವರು ಬ್ರಿಟಿಷ್ ಮರುಭೂಮಿ ಸಂಚಾರಿ ಮೈಕಲ್ ಆಶರ್ ಮತ್ತು ಅವರ ಹೆಂಡತಿ ಮರಿಯಾಂತೊನಿಯೆತ್ತಾ ಪೆರು. 1986ರಲ್ಲಿ ಮದುವೆಯಾದ ಬೆನ್ನಲ್ಲೇ ಇವರು ಮಾರಿಟೇನಿಯಾದ ಹಳೆಯ ಸಾರ್ಥವಾಹರ ಊರು ಶಿಂಗೆಟಿಯಿಂದ ಮೂರು ಒಂಟೆ ಹೊಡೆದುಕೊಂಡು ಪೂರ್ವಕ್ಕೆ ಹೊರಟರು. ಮಾಲಿ, ನೈಜರ್, ಚಾಡ್, ಸುಡಾನ್ ದಾಟಿ, 1987ರ ಮೇ ತಿಂಗಳಲ್ಲಿ ಈಜಿಪ್ಟಿನ ಅಬು ಸಿಂಬೆಲ್ ಬಳಿ ನೈಲ್ ನದಿಯನ್ನು ಮುಟ್ಟಿದರು. ಒಟ್ಟು 271 ದಿನ, ಸುಮಾರು 7,200 ಕಿಲೋಮೀಟರ್. ಸಹಾರಾವನ್ನು ಪಶ್ಚಿಮದಿಂದ ಪೂರ್ವಕ್ಕೆ ಒಂಟೆಯೊಂದಿಗೆ ದಾಟಿದ ಮೊದಲ ದಾಖಲೆ ಇವರದೇ. 1972ರಲ್ಲಿ ಇದೇ ಸಾಹಸಕ್ಕಿಳಿದಿದ್ದ ಬ್ರಿಟಿಷ್ ಲೇಖಕ ಜೆಫ್ರಿ ಮೂರ್‌ಹೌಸ್ ಅಲ್ಜೀರಿಯಾದ ತಮನ್‌ರಸೆಟ್‌ನಲ್ಲೇ ನಿಲ್ಲಿಸಬೇಕಾಯಿತು.

ಆಶರ್ ಹೊಸಬರೇನಲ್ಲ, ಸುಡಾನಿನ ಕಬಾಬಿಶ್ ಅಲೆಮಾರಿಗಳ ಜೊತೆ ಮೂರು ವರ್ಷ ಬದುಕಿದವರು. ಪೆರು ಛಾಯಾಗ್ರಾಹಕಿ, ಅರಬ್ಬಿ ಬಲ್ಲವರು.

ಲೆಕ್ಕ ಹಾಕಿದರೆ ದಿನಕ್ಕೆ 26 ಕಿಲೋಮೀಟರ್ ಚಿಲ್ಲರೆ. ನಮ್ಮಲ್ಲಿ ಹಲವರು ಅಷ್ಟೇ ದೂರದ ಕಚೇರಿಗೆ ಹವಾನಿಯಂತ್ರಿತ ಕಾರಿನಲ್ಲಿ ಹೋಗಿಬಂದು, ಸುಸ್ತಾಯಿತು ಎನ್ನುತ್ತೇವೆ. ಅಲ್ಲಿ ನಡಿಗೆ ಕೆಲಸದ ಒಂದು ಭಾಗ ಮಾತ್ರ. ಬೆಳಿಗ್ಗೆ ಒಂಟೆಯನ್ನು ಕೂರಿಸಿ ಹೊರೆ ಬಿಗಿಯಬೇಕು, ಸಂಜೆ ಬಿಚ್ಚಬೇಕು. ಎರಡೂ ಪಕ್ಕದ ತೂಕ ಸಮವಿಲ್ಲದಿದ್ದರೆ ಹೊರೆ ಜಾರುತ್ತದೆ, ಬೆನ್ನು ಹುಣ್ಣಾಗುತ್ತದೆ. ಆದ್ದರಿಂದ ಆಚೆಗೊಬ್ಬರು, ಈಚೆಗೊಬ್ಬರು ನಿಂತು ಒಟ್ಟಿಗೇ ಎತ್ತಿದರೆ ಚೆನ್ನ. ಮುನಿಸಿಕೊಂಡಿದ್ದರೂ ಎತ್ತಲೇಬೇಕು! ರಾತ್ರಿ ಮುಂಗಾಲುಗಳಿಗೆ ಹಗ್ಗ ಕಟ್ಟಿ ಮೇಯಲು ಬಿಟ್ಟರೂ ಒಂಟೆ ಕುಪ್ಪಳಿಸುತ್ತಲೇ ದೂರ ಹೋಗಿಬಿಡುತ್ತದೆ. ಬೆಳಗಾದರೆ ಹೆಜ್ಜೆ ಹಿಡಿದು ಹುಡುಕಬೇಕು. ಡುಬ್ಬದಲ್ಲಿರುವುದು ಕೊಬ್ಬು, ನೀರಲ್ಲ. ಬಾಯಾರಿದ ಒಂಟೆ ಬಾವಿ ಸಿಕ್ಕಾಗ ಒಂದೇ ಸಲಕ್ಕೆ 100 ಲೀಟರ್ ಹೀರಬಲ್ಲದು. ಅದನ್ನೆಲ್ಲ ಸೇದಿ ಕೊಡುವವರು ಯಾರು? ಮರುಭೂಮಿಯವರು ನೀರು ಒಯ್ಯುವ ಆಡಿನ ಚರ್ಮದ ತಿತ್ತಿ ಜಿನುಗಿ ಜಿನುಗಿಯೇ ತಂಪಾಗಿರುತ್ತದೆ, ಜಿನುಗಿದಷ್ಟು ನೀರು ಕಡಿಮೆಯೂ ಆಗುತ್ತದೆ.

ಮುಂದಿನ ಪ್ರವಾಸ ಡಿಸೆಂಬರಿನಲ್ಲಿ. ಒಂಟೆ ಸವಾರಿ ಈ ಸಲವೂ ಇದೆ. ದಂಪತಿಗಳು ಬೇರೆ ಬೇರೆ ಒಂಟೆ ಕೇಳಿದರೆ ಕಾರ್ಯದರ್ಶಿಗಳು ಕಾರಣ ವಿಚಾರಿಸುವುದಿಲ್ಲ.