ಹನುಕ್ಕಾ ದೀಪದ ಎದುರು ಅರ್ಧ ಗಂಟೆ

ಮಾನ್ಯ ಸಂಪಾದಕರೇ,

2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಇಸ್ರೇಲಲ್ಲಿರುವ ಕರಾವಳಿಯವರ ಬಗ್ಗೆ ನಿಮ್ಮ ಪೇಪರಲ್ಲಿ ಬಂದದ್ದೆಲ್ಲ ಫೋನಲ್ಲಿ ಓದ್ತಾ ಇದ್ದೇನೆ, ಸೈರನ್, ರಾಕೆಟ್, ನಮ್ಮವರನ್ನ ಊರಿಗೆ ಕರ್ಕೊಂಡು ಹೋದ ಆಪರೇಷನ್ ಅಜಯ್ ವಿಮಾನ, ಎಲ್ಲಾ ನಿಜವೇ. ಆದ್ರೆ ಊರಿಗೆ ಹೋಗದೆ ಇಲ್ಲೇ ಉಳಿದ ಕೇರ್‌ಗಿವರ್‌ಗಳು ಸಾವಿರಾರು ಜನ ಇದ್ದೇವೆ, ನಮ್ಮ ದಿನ ಹೇಗೆ ಹೋಗ್ತದೆ ಅಂತಲೂ ಸ್ವಲ್ಪ ಬರಲಿ ಅಂತ ಈ ಪತ್ರ.

ನಾನು ಉಡುಪಿ ಕಡೆಯವಳು, ಟೆಲ್ ಅವೀವ್ ಹತ್ರ ಒಂದು ವೃದ್ಧಾಶ್ರಮದಲ್ಲಿ ಕೆಲಸ. ಸೈರನ್ ಆದ್ರೆ ಒಂದೂವರೆ ನಿಮಿಷ ಟೈಮ್, ಅಷ್ಟರೊಳಗೆ ವೀಲ್‌ಚೇರಿನ ಅಜ್ಜಿಯಂದಿರನ್ನ ಸೇಫ್ ರೂಮಿಗೆ ಸೇರಿಸ್ಬೇಕು. ಅವರನ್ನ ಬಿಟ್ಟು ವಿಮಾನ ಹತ್ಲಿಕ್ಕೆ ಮನಸ್ಸು ಬರ್ಲಿಲ್ಲ.

ಯಹೂದಿಗಳ ದೀಪದ ಹಬ್ಬ ಹನುಕ್ಕಾ ಈ ಸಲ ಶುರುವಾದದ್ದು ಡಿಸೆಂಬರ್ 7ರ ಸಂಜೆ, ದಾಳಿ ಆಗಿ ಸರಿಯಾಗಿ ಎರಡು ತಿಂಗಳು. ಹಬ್ಬ ಮಾಡುವುದಾ ಬೇಡವಾ ಅಂತಲೇ ಮಾತಾಯ್ತು, ಅಡುಗೆಯಮ್ಮನ ಮಗನನ್ನ ಮಿಲಿಟರಿಗೆ ಕರೆಸಿಕೊಂಡಿದ್ದಾರೆ, ನಮ್ಮ ಅರಬ್ ನರ್ಸ್ ಅಕ್ಕನ ಸಂಬಂಧಿಕರು ಗಾಜಾದಲ್ಲಿದ್ದಾರೆ, ದಿನಗಟ್ಟಲೆ ಫೋನೇ ಸಿಗುವುದಿಲ್ಲ. ಕೊನೆಗೆ ಅಡುಗೆಯಮ್ಮನೇ ಹೇಳಿದ್ರು, ದೀಪ ಎಲ್ಲಿ ಅಂತ ಅಜ್ಜಿಯಂದಿರು ಕೇಳಿದ್ರೆ ನಾನೇನು ಹೇಳ್ಲಿ, ಹಚ್ಚುವ ಅಂತ.

ಯೆರೂಸಲೇಮಿನ ದೇವಾಲಯದಲ್ಲಿ ಒಂದು ದಿನಕ್ಕಾಗುವಷ್ಟು ಎಣ್ಣೆ ಎಂಟು ದಿನ ಉರಿಯಿತು ಅನ್ನುವುದು ಈ ಹಬ್ಬದ ಕಥೆ, ಹಾಗಾಗಿ ತಿಂಡಿಯೆಲ್ಲ ಕರಿದದ್ದೇ. ನಾಲ್ಕನೇ ರಾತ್ರಿ ನಾನು ಗೋಳಿಬಜೆ ಮಾಡ್ತೇನೆ ಅಂದೆ. ಮೈದಾಕ್ಕೆ ಮೊಸರು ಹಾಕ್ತೇನೆ ಅಂದದ್ದೇ ತಡ ಅಡುಗೆಯಮ್ಮ ನನ್ನ ಕೈಯಲ್ಲಿದ್ದ ಬಾಣಲೆ ತಗೊಂಡು ಹಾಲಿನ ಕಡೆಯ ಬಾಣಲೆ ಕೊಟ್ರು, ಕೋಷರ್ ಅಂದ್ರೆ ಯಹೂದಿ ನಿಯಮದ ಅಡುಗೆಮನೆಯಲ್ಲಿ ಮಾಂಸದ ಪಾತ್ರೆಗೆ ಮೊಸರು ತಾಗ್ಲಿಕ್ಕಿಲ್ಲ. ಕರಿಬೇವು ಸಿಗ್ಲಿಲ್ಲ, ಶುಂಠಿ ಹಸಿಮೆಣಸಲ್ಲೇ ಸುಧಾರಿಸಿದೆ.

ಮೊದಲು ಶಮಾಷ್ ಅನ್ನುವ ಮೇಣದಬತ್ತಿ ಹಚ್ಚಿ ಅದರಿಂದ ಉಳಿದ ನಾಲ್ಕು ಹಚ್ಚಿದ್ರು. ದೀಪ ಉರಿಯುವ ಅರ್ಧ ಗಂಟೆ ಹೆಂಗಸರು ಕೆಲಸ ಮಾಡ್ಬಾರ್ದು ಅಂತ ಇವರಲ್ಲಿ ಒಂದು ರೂಢಿ ಉಂಟು, ಅದು ನಮಗೂ ಅಂತ ಅಡುಗೆಯಮ್ಮ ಹಟ ಹಿಡಿದ್ರು, ಹಾಗಾಗಿ ಗಂಡು ಸ್ಟಾಫ್ ಇಬ್ರು ಅಜ್ಜಿಯಂದಿರನ್ನ ನೋಡಿಕೊಂಡ್ರು, ಫಿಲಿಪೀನ್ಸಿನ ಹುಡುಗಿಯರು, ನರ್ಸ್ ಅಕ್ಕ, ನಾನು ಎಲ್ಲ ಸಾಲಾಗಿ ಕೂತೆವು. ಎರಡು ತಿಂಗಳಿಂದ ಹಾಗೆ ಕೂತದ್ದೇ ಇಲ್ಲ. ನರ್ಸ್ ಅಕ್ಕ ಫೋನ್ ಕೈಯಿಂದ ಬಿಡ್ಲಿಲ್ಲ. ಅಡುಗೆಯಮ್ಮ ಒಂದು ಗೋಳಿಬಜೆ ಮುರಿದು ಅರ್ಧ ಅವರ ಕೈಗಿಟ್ಟು, ನಿನ್ನವರ ಸುದ್ದಿ ಬಂತಾ ಅಂದ್ರು. ಇಲ್ಲ ಅಂದ್ರು ಅಕ್ಕ, ನಿಮ್ಮ ಮಗ? ಬೆಳಿಗ್ಗೆ ಮೆಸೇಜ್ ಬಂದಿದೆ. ಇಬ್ರೂ ಮತ್ತೆ ಮಾತಾಡ್ಲಿಲ್ಲ, ಬತ್ತಿ ಕರಗುವವರೆಗೆ ಅಲ್ಲೇ ಕೂತಿದ್ರು.

ಊರಲ್ಲಿ ಅಮ್ಮ ದಿನಾ ನಿಮ್ಮ ಪೇಪರ್ ನೋಡಿ ಹೆದರ್ತಾರೆ. ರಾಕೆಟ್ ಸುದ್ದಿ ಪಕ್ಕ ಜಾಗ ಇದ್ರೆ ಇದನ್ನೂ ಹಾಕಿ ಸಾರ್, ಅಮ್ಮ ಓದ್ತಾರೆ.

– ಉಡುಪಿಯ ಒಬ್ಬ ಕೇರ್‌ಗಿವರ್, ಇಸ್ರೇಲ್