ಎದೆಯಲ್ಲಿ ಚಳುಕು ಬಂದಾಗ ಜೊತೆಗಿದ್ದವರಿಗೆ

ಹಾರ್ಟ್ ರಿಪೋರ್ಟ್ ಎಲ್ಲ ನಾರ್ಮಲ್ ಬಂದಿವೆ. ಫೋನ್ ಮಾಡಿ ವಿಚಾರಿಸಿದವರಿಗೆಲ್ಲ ಒಂದೇ ಸಲ ಥ್ಯಾಂಕ್ಸ್ ಹೇಳೋಣ ಅಂತ ಬರೆಯುತ್ತಿದ್ದೇನೆ.

ಮೊದಲು ಆಫೀಸಿನ ಪಕ್ಕದ ಟೇಬಲ್ಲಿನ ಅಕ್ಕನಿಗೆ. ಮಾರ್ಚ್ ಎಂಡಿಂಗ್ ಗಡಿಬಿಡಿ, ಕಂಪ್ಯೂಟರ್ ಮುಂದೆ ಬೆನ್ನು ಬಗ್ಗಿಸಿಕೊಂಡು ಕೂತಿದ್ದೆ. ಎಡಗಡೆ ಎದೆಯಲ್ಲಿ ಚಳುಕು ಹೊಡೆಯಿತು. ಉಸಿರು ಒಳಗೆಳೆದರೆ ಇನ್ನೂ ಜಾಸ್ತಿ. ಸ್ವಲ್ಪ ಹೊತ್ತಿಗೆ ತಾನೇ ಹೋಯಿತು. "ಗ್ಯಾಸ್ ಇರಬೇಕು, ಸೋಡಾ ಕುಡಿ" ಅಂದವರೇ ಎಲ್ಲ. ಅಕ್ಕ ಮಾತ್ರ, "ಗ್ಯಾಸೋ ಹಾರ್ಟೋ ಡಾಕ್ಟರ್ ಹೇಳ್ತಾರ, ನೀ ನಡಿ" ಅಂತ ಆಟೋ ಹತ್ತಿಸಿದರು.

ಡ್ಯೂಟಿ ಡಾಕ್ಟರಿಗೆ ದೊಡ್ಡ ನಮಸ್ಕಾರ. ಇಸಿಜಿ ಒಂದನ್ನೇ ನೋಡಿ ಕಳಿಸಲಿಲ್ಲ. ಟ್ರೋಪೋನಿನ್ ಅನ್ನುವ ರಕ್ತ ಪರೀಕ್ಷೆ ಮಾಡಿಸಿ, ಕೆಲವು ಗಂಟೆ ಕೂರಿಸಿ ಮತ್ತೊಮ್ಮೆ ಮಾಡಿಸಿದರು. ಹೃದಯಕ್ಕೆ ಪೆಟ್ಟಾಗಿದ್ದರೂ ಆ ಟ್ರೋಪೋನಿನ್ ಅಂಶ ರಕ್ತದಲ್ಲಿ ಏರಲು ಸಮಯ ಬೇಕಂತೆ. ನೋವು ಎಲ್ಲಿ ಅಂದಾಗ ಒಂದು ಬೆರಳಿಟ್ಟು ತೋರಿಸಿದೆ. ಹೃದಯದ ನೋವಾದರೆ ಹೆಚ್ಚಿನವರು ಅಂಗೈ ಇಲ್ಲವೇ ಮುಷ್ಟಿ ಇಟ್ಟು ತೋರಿಸುತ್ತಾರಂತೆ. ಅದನ್ನೊಂದೇ ನಂಬಬಾರದು ಅಂತಾನೂ ಹೇಳಿದರು. ನನಗೆ ಬಂದದ್ದು ಪ್ರಿಕಾರ್ಡಿಯಲ್ ಕ್ಯಾಚ್ ಅನ್ನುವ ಎದೆ ಚಳುಕು. ಹುಡುಗರಲ್ಲಿ, ಚಿಕ್ಕ ವಯಸ್ಸಿನವರಲ್ಲಿ ಸುಮ್ನೆ ಕೂತಾಗ ಬಂದು ಹೋಗುತ್ತದೆ, ಅಪಾಯವಿಲ್ಲ. ಆದರೆ ಎದೆ ಒತ್ತಿ ಹಿಡಿದಂತಾಗಿ ತೋಳಿಗೋ ದವಡೆಗೋ ಹಬ್ಬಿದರೆ, ಬೆವರು, ಏದುಸಿರು ಬಂದರೆ ಕಾಯದೆ 108ಕ್ಕೆ ಫೋನ್ ಮಾಡಬೇಕು.

ಇಷ್ಟು ಹೇಳಿದರೂ ನಮ್ಮ ಅಪ್ಪನಿಗೆ ಸಮಾಧಾನವಿಲ್ಲ. 2021ರಲ್ಲಿ ಅಪ್ಪು ಹೋದಾಗ ಬರೀ 46 ವರ್ಷ, ಆಮೇಲೆ ಹಾಸನದ ಹೃದಯಾಘಾತದ ಸುದ್ದಿಗಳು. ಹೆದರಿಕೆ ಸಹಜ ಅಲ್ವಾ? ಜಯದೇವದಲ್ಲೂ ಒಮ್ಮೆ ತೋರಿಸೋಣ ಅಂದರು. ಮೊದಲಾದರೆ ಅದಕ್ಕೆ ಬೆಂಗಳೂರಿಗೆ ರಾತ್ರಿ ರೈಲು ಹಿಡಿಯಬೇಕಿತ್ತು. ಈಗ ನಮ್ಮ ಕಲಬುರಗಿಯಲ್ಲೇ 371 ಹಾಸಿಗೆಯ ಆಸ್ಪತ್ರೆ ಇದೆ, 2024ರ ಡಿಸೆಂಬರಿನಲ್ಲಿ ಉದ್ಘಾಟನೆ ಆಯಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ವಿಧಿಗಾಗಿ ಹೋರಾಡಿದ ಹಿರಿಯರನ್ನು ಅಲ್ಲಿ ಕ್ಯೂನಲ್ಲಿ ನಿಂತು ನೆನೆದೆ. ಅವ್ವ ಶರಣಬಸಪ್ಪನಿಗೆ ಹರಕೆ ಹೊತ್ತಿದ್ದಳು, ಕಾಯಿ ಒಡೆಸಿದ್ದೂ ಆಯಿತು.

ಕೊಲೆಸ್ಟ್ರಾಲ್ ಮಾತ್ರ ಒಂದಿಷ್ಟು ಮೇಲಿದೆ. ಚಳುಕಿಗೂ ಅದಕ್ಕೂ ಸಂಬಂಧವಿಲ್ಲ, ಆದರೂ ಓಡಾಡು ಅಂದಿದ್ದಾರೆ. ಹಾಗಾಗಿ ಕೊನೆಯ ಥ್ಯಾಂಕ್ಸ್ ದೋಸ್ತರಿಗೆ. ನಮ್ಮೂರ ಬಿಸಿಲಿಗೆ ಬೆಳಕು ಹರಿಯುವ ಮುಂಚೆಯೇ ನಡೆಯಬೇಕು. ದಿನಾ ಬಂದು ಬಾಗಿಲು ಬಡಿದು ಶರಣಬಸವೇಶ್ವರ ಕೆರೆಗೆ, ಅಂದರೆ ಊರವರ ಅಪ್ಪನ ಕೆರೆಗೆ ಎಳೆದುಕೊಂಡು ಹೋಗುತ್ತಾರೆ. ವಾಕಿಂಗ್ ಮುಗಿದ ಮೇಲೆ ಸುಸಲಾ ಮಿರ್ಚಿ ತಿನ್ನೋಣ ಬಾ ಅಂತಾನೂ ಎಳೆಯುತ್ತಾರೆ. ಅದಕ್ಕೆ ಥ್ಯಾಂಕ್ಸ್ ಹೇಳುವುದಿಲ್ಲ.