ಓನರ್ ಕೈಲಿರುವ ಇನ್ನೊಂದು ಕೀ

ಪುಟ್ಟಿ,

ನೀನು ಆಫೀಸಿಗೆ ಹೋಗಿದ್ದಾಗ ಓನರ್ ತಮ್ಮ ಹತ್ತಿರ ಇಟ್ಟುಕೊಂಡಿದ್ದ ಕೀ ಹಾಕಿ ನಿನ್ನ ಬಾಡಿಗೆ ಮನೆಯೊಳಗೆ ಬಂದಿದ್ದು ತಪ್ಪೇ. ಕೇಳಿದರೆ "ನನ್ನ ಮನೆ, ಯಾವಾಗ ಬೇಕಾದ್ರೂ ಬರ್ತೀನಿ" ಅಂದರಂತಲ್ಲ, ಅದು ಇನ್ನೂ ತಪ್ಪು.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ನೋಡು. ಬಾಡಿಗೆ ಸರಿಯಾಗಿ ಕೊಟ್ಟು ಕರಾರಿನಂತೆ ನಡೆದುಕೊಂಡರೆ, ನೀನು ಯಾರ ಅಡ್ಡಿಯೂ ಇಲ್ಲದೆ ಅಲ್ಲಿ ಇರಬಹುದು. ಮನೆ ಹೇಗಿದೆ ಅಂತ ನೋಡಲು ಓನರ್ ಬಂದರೆ ಬಿಡಬೇಕು ಅನ್ನುವುದೂ ಅದರಲ್ಲೇ ಇದೆ. ಆದರೆ ಹೊತ್ತು ಗೊತ್ತು ನೋಡಿ ಬರಬೇಕು. ಎಷ್ಟು ಮೊದಲು ಹೇಳಬೇಕು ಅಂತ ಮಾತ್ರ ಅಲ್ಲಿಲ್ಲ. ಕರಾರಿನಲ್ಲಿ ಬೇರೆ ಥರ ಬರೆದುಕೊಂಡಿದ್ದರೆ ಅದೇ ನಡೆಯುತ್ತದೆ.

ಅದಕ್ಕೇ ನಿನ್ನ ಕರಾರು ಪತ್ರ ತೆಗೆದು ಓದಿದೆ. ಟೈಪಿಂಗ್ ಅಂಗಡಿಯವರು ಎಲ್ಲರಿಗೂ ಹೊಡೆದು ಕೊಡುವ ಅದೇ 11 ತಿಂಗಳ ನಮೂನೆ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಕಡಿತ, ಗೋಡೆಗೆ ಮೊಳೆ ಹೊಡೆಯಬಾರದು, ಎಲ್ಲ ಇದೆ. ಒಳಗೆ ಬರುವ ವಿಷಯಕ್ಕೆ ಒಂದೇ ಸಾಲು: "ಮಾಲೀಕರು ಮನೆಯನ್ನು ಪರಿಶೀಲಿಸಬಹುದು." ಯಾವಾಗ, ಹೇಳಿಯೋ ಹೇಳದೆಯೋ, ಏನೂ ಇಲ್ಲ.

ರಿನ್ಯೂ ಮಾಡುವಾಗ ಆ ಸಾಲು ಸರಿಮಾಡಿಸು. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಒಳ್ಳೆ ಅಳತೆಯಿದೆ. 24 ಗಂಟೆ ಮೊದಲು ಬರಹದಲ್ಲೋ ಮೆಸೇಜಿನಲ್ಲೋ ತಿಳಿಸಬೇಕು. ಸೂರ್ಯ ಹುಟ್ಟುವ ಮೊದಲು, ಮುಳುಗಿದ ಮೇಲೆ ಬರುವಂತಿಲ್ಲ. ಬೆಂಕಿ, ಪ್ರವಾಹದಂಥ ತುರ್ತು ಬೇರೆ. ಆದರೆ ಮಾದರಿ ಕಾಯ್ದೆ ರಾಜ್ಯ ತನ್ನದಾಗಿ ಮಾಡಿಕೊಂಡಲ್ಲಿ ಮಾತ್ರ ಜಾರಿ. ಅವರ ಮುಂದೆ "ಇದೇ ಕಾನೂನು" ಅಂತ ವಾದಕ್ಕೆ ನಿಲ್ಲಬೇಡ. ಕರಾರಿಗೆ ಸೇರಿಸಿ ಅಂತ ಕೇಳು, ಸಾಕು.

ಓನರ್‌ಗಳ ಕಷ್ಟ ನನಗೂ ಗೊತ್ತು. ಮಹಡಿ ಮನೆ ಬಾಡಿಗೆಗೆ ಕೊಟ್ಟವಳಲ್ವಾ? ಬಾತ್‌ರೂಮಿನ ನೀರು ಕೆಳಗೆ ಜಿನುಗಿದರೆ ಎದೆ ಧಸಕ್ಕೆನ್ನುತ್ತದೆ. ಆದರೂ ಫೋನ್ ಮಾಡಿಯೇ ಮೆಟ್ಟಿಲು ಹತ್ತುತ್ತೇನೆ.

ಈಗ ಸುಮ್ನೆ ಜಗಳ ಬೇಡ. ಇವತ್ತೇ ವಾಟ್ಸಾಪ್ ಮಾಡು: "ಅಂಕಲ್, ಮಂಗಳವಾರ ನಾನಿಲ್ಲದಾಗ ಮನೆಗೆ ಬಂದಿದ್ದಿರಿ. ಇನ್ಮುಂದೆ ಹಿಂದಿನ ದಿನವೇ ತಿಳಿಸಿ, ನಾನಿರುವಾಗ ಬನ್ನಿ." ಇಷ್ಟೇ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ, ಇದಕ್ಕೆ ತಾರೀಕು ಸಮೇತ ಇರುತ್ತದೆ. ಹೇಳದೆ ಬೀಗ ಬದಲಾಯಿಸಬೇಡ, ಅಡ್ವಾನ್ಸ್ ವಾಪಸ್ ಕೊಡುವಾಗ ಅದನ್ನೇ ನೆಪ ಮಾಡುತ್ತಾರೆ. ಒಳಗಿದ್ದಾಗ ಚಿಲಕ ಹಾಕಿಕೊ. ರಾತ್ರಿ ಹೊತ್ತು ಬಂದು ಬಾಗಿಲು ಬಡಿದರೆ ಮಾತ್ರ ಮುಲಾಜಿಲ್ಲದೆ 112ಕ್ಕೆ ಫೋನ್ ಮಾಡು, ಆಮೇಲೆ ನನಗೆ.

ನಿನ್ನ ಅಮ್ಮ